ಓದಿದ ಕಾದಂಬರಿ ಸಿನಿಮಾ ಆದಾಗ: ಥಿಯೇಟರಿಗೆ ಹೊರಟವರಿಗೆ ಒಂದಿಷ್ಟು ತಯಾರಿ

ವಾಟ್ಸಾಪಿಗೆ ಒಂದು ಪೋಸ್ಟರ್ ಬರುತ್ತದೆ. ಕೆಳಗೆ ಗೆಳೆಯನ ಒಂದು ಸಾಲು: ‘ನಿನ್ನ ಪುಸ್ತಕ ಸಿನಿಮಾ ಆಗಿದೆ ನೋಡು.’ ಬರೆದದ್ದು ನೀವಲ್ಲ, ಆದರೂ ಅವನು ಹೇಳಿದ್ದು ಸರಿಯೇ. ಪಿಯುಸಿಯಲ್ಲಿ ಲೈಬ್ರರಿಯಿಂದ ತಂದು, ವಾಪಸ್ ಕೊಡಲು ಮನಸ್ಸಾಗದೆ ದಂಡ ಕಟ್ಟಿ, ಆಮೇಲೆ ಸ್ವಂತಕ್ಕೊಂದು ಪ್ರತಿ ಕೊಂಡು, ನಾಲ್ಕು ಸಲ ಓದಿದ ಪುಸ್ತಕ ನಿಮ್ಮದಲ್ಲದೆ ಇನ್ಯಾರದ್ದು? ಮೊದಲು ಖುಷಿಯಾಗುತ್ತದೆ. ಪೋಸ್ಟರನ್ನು ದೊಡ್ಡದು ಮಾಡಿ ನೋಡಿದ ಮೇಲೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಇವನಾ? ಆ ಪಾತ್ರಕ್ಕೆ ಇವನಾ?

ಆಮೇಲಿನದ್ದು ಗೊತ್ತಿರುವುದೇ. ಹೋಗುತ್ತೇವೆ, ಎರಡು ಗಂಟೆ ಮುಖ ಗಂಟು ಹಾಕಿಕೊಂಡು ಕೂರುತ್ತೇವೆ, ಹೊರಗೆ ಬಂದು ‘ಪುಸ್ತಕದ ಮುಂದೆ ಏನೂ ಇಲ್ಲ’ ಅನ್ನುತ್ತೇವೆ. ನಾನೂ ಬೇಕಾದಷ್ಟು ಸಲ ಅಂದಿದ್ದೇನೆ. ಎಷ್ಟೋ ಸಲ ತಪ್ಪು ಸಿನಿಮಾದ್ದಲ್ಲ, ನಾನು ಹೋದ ರೀತಿಯದ್ದು ಅಂತ ತಡವಾಗಿ ಗೊತ್ತಾಯಿತು. ಈಗ ಸ್ವಲ್ಪ ತಯಾರಾಗಿ ಹೋಗುತ್ತೇನೆ. ಆ ತಯಾರಿ ಏನು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಟಿಕೆಟ್, ಯೋಚನೆ ಆಮೇಲೆ

ಕಾದಂಬರಿ ಆಧರಿಸಿದ ಕನ್ನಡ ಸಿನಿಮಾಗಳಿಗೆ ಥಿಯೇಟರಿನಲ್ಲಿ ಆಯುಸ್ಸು ಕಡಿಮೆ. ಹಿಂದೆ ಹಾಗಿರಲಿಲ್ಲ. ಟಿ.ಕೆ. ರಾಮರಾವ್ ಕಾದಂಬರಿಯಿಂದ ಬಂದ ‘ಬಂಗಾರದ ಮನುಷ್ಯ’ 1972ರಲ್ಲಿ ಬಿಡುಗಡೆಯಾಗಿ ಬೆಂಗಳೂರಿನಲ್ಲಿ ಎರಡು ವರ್ಷ ಓಡಿತು. ಆಗ ‘ಮುಂದಿನ ತಿಂಗಳು ನೋಡಿದರಾಯ್ತು’ ಅನ್ನಬಹುದಿತ್ತು. ಈಗ ಶುಕ್ರವಾರ ಬಂದದ್ದು ಮುಂದಿನ ಗುರುವಾರ ಗಂಟು ಕಟ್ಟುತ್ತದೆ. ಮೊದಲ ಮೂರು ದಿನದ ಗಳಿಕೆ ನೋಡಿ ಮಲ್ಟಿಪ್ಲೆಕ್ಸಿನವರು ಸೋಮವಾರದ ಶೋ ಹಂಚುತ್ತಾರೆ. ಸೀಟು ತುಂಬದ ಸಿನಿಮಾಕ್ಕೆ ಒಂದೇ ಒಂದು ಶೋ ಉಳಿಯುತ್ತದೆ. ಅದೂ ಬೆಳಿಗ್ಗೆ ಹತ್ತೂಕಾಲಕ್ಕೋ, ರಾತ್ರಿ ಹತ್ತಕ್ಕೋ. ಕೆಲಸಕ್ಕೆ ಹೋಗುವವರು ಯಾರು ಬರಬೇಕು ಹೇಳಿ.

ಹಾಗಾಗಿ ಶುಕ್ರ, ಶನಿ, ಭಾನು, ಈ ಮೂರರಲ್ಲಿ ಒಂದು ದಿನ ಹಿಡಿಯಿರಿ. ‘ವಿಮರ್ಶೆ ಬರಲಿ, ನೋಡೋಣ’ ಅಂತ ಕಾಯಬೇಡಿ. ಹೇಗಿದ್ದರೂ ನೀವು ಹೋಗುವುದು ಸಿನಿಮಾ ಚೆನ್ನಾಗಿದೆ ಅಂತಲ್ಲ, ಅದು ನಿಮ್ಮ ಪುಸ್ತಕ ಅಂತ.

ನಾನು ಒಮ್ಮೆ ಬುಧವಾರದವರೆಗೆ ಕಾದೆ. ಅರ್ಧ ದಿನ ರಜೆ ಹಾಕಿ ಹನ್ನೊಂದೂವರೆ ಶೋಗೆ ಹೋದರೆ ಬಾಗಿಲಲ್ಲೇ ತಡೆದರು. ಟಿಕೆಟ್ ಹೋಗಿದ್ದು ನಾಲ್ಕೇ ನಾಲ್ಕಂತೆ, ಶೋ ಕ್ಯಾನ್ಸಲ್. ಆ ನಾಲ್ವರಲ್ಲಿ ಒಬ್ಬರು ಎಪ್ಪತ್ತು ದಾಟಿದ ಹಿರಿಯರು. ಬಟ್ಟೆ ಚೀಲದಲ್ಲಿ ಕಾದಂಬರಿ ಹಾಕಿಕೊಂಡು ಬಂದಿದ್ದರು. ಹಳೇ ಪ್ರತಿ, ಬೈಂಡ್ ಮಾಡಿಸಿ ಬೆನ್ನಿಗೆ ಕಪ್ಪು ಕ್ಯಾಲಿಕೋ ಹಚ್ಚಿಸಿದ್ದು. ಕೌಂಟರಿಗೆ ಹೋಗಿ ‘ಎಷ್ಟು ಜನ ಆದ್ರೆ ಹಾಕ್ತೀರಪ್ಪ?’ ಅಂತ ಕೇಳಿದರು. ಹುಡುಗ ಏನೋ ಲೆಕ್ಕ ಹೇಳಿದ. ‘ಹಂಗಾದ್ರೆ ಇನ್ನೆರಡು ಟಿಕೆಟ್ ನಾನೇ ತಗೋತೀನಿ’ ಅಂದರು. ಆಗಲ್ಲ ಅಂದ. ದುಡ್ಡು ವಾಪಸ್ ಬಂತು, ನನ್ನ ಅರ್ಧ ದಿನದ ರಜೆ ಬರಲಿಲ್ಲ. ಆ ಸಿನಿಮಾವನ್ನು ಕೊನೆಗೆ ಮೊಬೈಲಿನಲ್ಲಿ ನೋಡಿದೆ. ಮಧ್ಯೆ ಮೂರು ಫೋನ್ ಬಂದವು.

ಊರಲ್ಲಿ ಬಿಡುಗಡೆಯೇ ಆಗದಿದ್ದರೆ? ಬೆಂಗಳೂರಿನವರಾದರೆ ಪ್ರತಿ ವರ್ಷ ನಡೆಯುವ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಪಟ್ಟಿ ನೋಡಿ. ಅಲ್ಲಿ ಕನ್ನಡ ಸಿನಿಮಾಗಳಿಗೇ ಬೇರೆ ವಿಭಾಗ ಇದೆ. ಬನಶಂಕರಿಯ ಸುಚಿತ್ರಾ ಫಿಲಂ ಸೊಸೈಟಿ 1971ರಿಂದ ಇಂಥ ಸಿನಿಮಾಗಳನ್ನು ತೋರಿಸುತ್ತಿದೆ. ಹೊರದೇಶದಲ್ಲಿದ್ದರೆ ಕನ್ನಡ ಕೂಟದ ಗುಂಪಿನಲ್ಲಿ ಒಂದು ಕಣ್ಣಿಡಿ. ಅಲ್ಲಿ ಸಾಮಾನ್ಯವಾಗಿ ವಾರಾಂತ್ಯದ ಒಂದೇ ಶೋ, ತಪ್ಪಿದರೆ ತಪ್ಪಿತು. ಹಳೆಯವು ದೊಡ್ಡ ಪರದೆಗೆ ಮರಳಿ ಬರುವುದೂ ಉಂಟು. ‘ನಾಗರಹಾವು’ 2018ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ಬಿಡುಗಡೆಯಾಯಿತು. ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದ ಪ್ರತಿಯನ್ನು ಹೊಸದಾಗಿ ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಇಂಥದ್ದು ನಿಮ್ಮೂರಿಗೆ ಬಂದರೆ ಬಿಡಬೇಡಿ.

ಟ್ರೇಲರ್ ನೋಡಿ, ಎರಡು ಸಲ ನೋಡಿ

‘ಟ್ರೇಲರ್ ನೋಡಬೇಡ, ಮಜಾ ಹೋಗತ್ತೆ’ ಅಂತ ಬಹಳ ಜನ ಹೇಳುತ್ತಾರೆ. ಕಥೆ ಗೊತ್ತಿಲ್ಲದವರಿಗೆ ಅದು ಸರಿ. ನಿಮಗೆ ಕಥೆ ಕೊನೆವರೆಗೂ ಗೊತ್ತು, ಕೆಡಲು ಏನೂ ಉಳಿದಿಲ್ಲ. ನಿಮ್ಮ ಕಷ್ಟ ಬೇರೆ. ಅದು ಮುಖದ್ದು.

ಓದುವಾಗ ನಮಗೆ ಗೊತ್ತಿಲ್ಲದ ಹಾಗೆ ಪ್ರತಿ ಪಾತ್ರಕ್ಕೂ ಒಂದು ಮುಖ ಅಂಟಿಸಿರುತ್ತೇವೆ. ಅದು ಸಾಮಾನ್ಯವಾಗಿ ನಮ್ಮ ಪೈಕಿಯವರದ್ದೇ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಓದಿದಾಗ ನನಗೆ ಹದಿನೇಳು. ಮೂಕಜ್ಜಿಗೆ ನಾನು ಕೊಟ್ಟದ್ದು ನಮ್ಮ ತಂದೆಯ ತಾಯಿಯ ಮುಖ. ಮುಂದಿನ ಒಂದು ಹಲ್ಲು ಇಲ್ಲ, ಸೊಂಟದಲ್ಲಿ ಹಿತ್ತಾಳೆ ಸುಣ್ಣದ ಡಬ್ಬಿ, ಮಾತಿನ ಮಧ್ಯೆ ಒಂದು ‘ಹೂಂ’. ಅದಕ್ಕೆ ಕಾರಂತರೂ ಜವಾಬ್ದಾರರಲ್ಲ, 2019ರಲ್ಲಿ ಸಿನಿಮಾ ಮಾಡಿದ ಪಿ. ಶೇಷಾದ್ರಿಯವರೂ ಅಲ್ಲ. ಪರದೆ ಮೇಲೆ ಬಂದದ್ದು ಬಿ. ಜಯಶ್ರೀ. ನಾಟಕದಲ್ಲಿ ಅವರನ್ನು ನೋಡಿದವರಿಗೆ ಗೊತ್ತು, ಆ ದನಿಗೆ ಸಾಟಿ ಇಲ್ಲ. ಆದರೂ ಮೊದಲ ಇಪ್ಪತ್ತು ನಿಮಿಷ ನಾನು ಸಿನಿಮಾನೇ ನೋಡಲಿಲ್ಲ. ‘ನಮ್ಮಜ್ಜಿ ಎಲ್ಲಿ?’ ಅಂತ ಹುಡುಕುತ್ತಿದ್ದೆ. ಆ ಹೊತ್ತಿನಲ್ಲಿ ಅಲ್ಲಿ ಏನೇನು ನಡೆಯಿತು ಅಂತ ಇವತ್ತಿಗೂ ಸರಿಯಾಗಿ ನೆನಪಿಲ್ಲ.

ಆ ಜಗಳವನ್ನು ಮನೆಯಲ್ಲೇ ಮುಗಿಸಿಕೊಳ್ಳಿ. ಬಿಡುಗಡೆಗೆ ಒಂದು ವಾರ ಮುಂಚೆ ಟ್ರೇಲರ್ ನೋಡಿ, ಬೈಯಬೇಕು ಅನ್ನಿಸಿದರೆ ಬೈಯಿರಿ, ಎರಡು ದಿನ ಬಿಟ್ಟು ಮತ್ತೆ ನೋಡಿ. ಎರಡನೇ ಸಲ ಆ ಮುಖ ಅಷ್ಟು ಹೊರಗಿನದ್ದು ಅನ್ನಿಸುವುದಿಲ್ಲ. ಹೊಸ ಸೊಸೆ ಮನೆಗೆ ಬಂದ ಹಾಗೆ. ಮೊದಲ ದಿನ ಎಲ್ಲರೂ ದುರುಗುಟ್ಟಿ ನೋಡುತ್ತಾರೆ, ಮೂರನೇ ದಿನ ‘ಉಪ್ಪಿನಕಾಯಿ ಭರಣಿ ಎಲ್ಲಿಟ್ಟೆ?’ ಅಂತ ಅವಳನ್ನೇ ಕೇಳುತ್ತಾರೆ.

ಒಂದು ಎಚ್ಚರಿಕೆ. ಟ್ರೇಲರ್ ಕೆಳಗಿನ ಕಾಮೆಂಟುಗಳನ್ನು ಓದಬೇಡಿ. ನಿಮ್ಮದೇ ತಕರಾರು ಸಾಲದೆಂದು ಇನ್ನೂ ಇನ್ನೂರು ಜನರ ತಕರಾರು ತಲೆಗೆ ಹತ್ತುತ್ತದೆ.

ಪುಸ್ತಕ ಮತ್ತೆ ಓದಬೇಕಾ?

ಬೇಡ. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಹಿಂದಿನ ವಾರ ಕಾದಂಬರಿಯನ್ನು ಮತ್ತೆ ಓದಿಕೊಂಡು ಹೋದವರು ಸಿನಿಮಾ ನೋಡುವುದಿಲ್ಲ, ಪೇಪರ್ ತಿದ್ದುತ್ತಾರೆ. ಕೀ ಉತ್ತರ ಕೈಯಲ್ಲಿರುತ್ತದೆ, ಕೆಂಪು ಪೆನ್ನು ರೆಡಿ. ‘ಇಲ್ಲಿ ತಂಗಿಯ ಪಾತ್ರ ಬಿಟ್ಟಿದ್ದಾರೆ, ಎರಡು ಅಂಕ ಕಟ್.’ ಹಾಗೆ ನೋಡಿದರೆ ಯಾವ ಸಿನಿಮಾನೂ ಪಾಸಾಗುವುದಿಲ್ಲ. ಮರೆವು ಇಲ್ಲಿ ಉಪಕಾರಿ. ಹತ್ತು ವರ್ಷದ ಹಿಂದೆ ಓದಿದ್ದರೆ ಇನ್ನೂ ಒಳ್ಳೆಯದು, ನಿಮ್ಮೊಳಗೆ ಉಳಿಯಬೇಕಾದದ್ದು ಉಳಿದಿರುತ್ತದೆ, ಜರಡಿ ಹಿಡಿದ ಹಾಗೆ.

ಓದುವ ಬದಲು ಒಂದು ಚೀಟಿ ತೆಗೆದುಕೊಳ್ಳಿ. ಮೊಬೈಲಿನ ನೋಟ್ಸ್ ಆದರೂ ಆದೀತು. ಅದರಲ್ಲಿ ಮೂರೇ ಮೂರು ಬರೆಯಿರಿ: ಒಂದು ಪಾತ್ರ, ಒಂದು ಜಾಗ, ಒಂದು ಗುಣ. ಇವು ಮೂರು ಪರದೆ ಮೇಲೆ ಬಂದರೆ ನನಗೆ ಸಾಕು, ಮಿಕ್ಕಿದ್ದು ಅವರಿಗೆ ಬಿಟ್ಟದ್ದು ಅನ್ನುವಂಥವು. ಮೂಕಜ್ಜಿಗೆ ನನ್ನ ಚೀಟಿಯಲ್ಲಿದ್ದದ್ದು ಇಷ್ಟು. ಅಜ್ಜಿ. ಅಶ್ವತ್ಥದ ಕಟ್ಟೆ. ದೇವರ ಬಗ್ಗೆ, ಗಂಡು ಹೆಣ್ಣಿನ ಬಗ್ಗೆ ಎಳ್ಳಷ್ಟೂ ನಾಚದೆ ಮಾತಾಡುವ ಅವಳ ನೇರ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಹತ್ತು ವರ್ಷಕ್ಕೇ ವಿಧವೆಯಾದ ಹೆಂಗಸು ಎಂಬತ್ತರಲ್ಲಿ ಕೂತು ಇದನ್ನೆಲ್ಲ ಮೊಮ್ಮಗನಿಗೆ ಹೇಳುತ್ತಾಳಲ್ಲ, ಆ ಧೈರ್ಯ ಇಲ್ಲದ ಮೂಕಜ್ಜಿ ಬರೀ ಅಜ್ಜಿ.

ಮೂರಕ್ಕಿಂತ ಜಾಸ್ತಿ ಬರೆಯಬೇಡಿ. ಬರೆಯಲು ಹೊರಟರೆ ಮೂವತ್ತು ಆಗುತ್ತದೆ, ಗೊತ್ತು. ಆ ಮೂವತ್ತರಿಂದ ಮೂರು ಆರಿಸುವುದೇ ಕೆಲಸ. ಸಿನಿಮಾ ಮಾಡಿದವರು ಮಾಡಿದ್ದೂ ಅದನ್ನೇ ಅಂತ ಆಗ ಅರ್ಥ ಆಗುತ್ತದೆ.

ಸ್ವಲ್ಪ ಲೆಕ್ಕ ಹಾಕಿ

ಮುನ್ನೂರು ಪುಟದ ಕಾದಂಬರಿ ಅಂತಿಟ್ಟುಕೊಳ್ಳಿ. ಪುಟಕ್ಕೆ ಎರಡು ನಿಮಿಷ ಅಂದರೂ ಹತ್ತು ಗಂಟೆ. ಸಿನಿಮಾ ಎರಡು, ಹೆಚ್ಚೆಂದರೆ ಎರಡೂವರೆ ಗಂಟೆ. ಚಿತ್ರಕಥೆ ಬರೆಯುವವರು ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಅಂತ ಲೆಕ್ಕ ಇಡುತ್ತಾರೆ. ಅಂದರೆ ಅವರ ಕೈಯಲ್ಲಿರುವುದು ನೂರಿಪ್ಪತ್ತು, ನೂರೈವತ್ತು ಪುಟ, ಅದರಲ್ಲೂ ಅರ್ಧ ಖಾಲಿ ಜಾಗ. ಉಳಿದದ್ದು ಎಲ್ಲಿ ಹೋಯಿತು ಅಂತ ಕೇಳುವ ಮುಂಚೆ ಎಲ್ಲಿ ಹಿಡಿಸಬೇಕಿತ್ತು ಅಂತ ಕೇಳಿಕೊಳ್ಳಬೇಕು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನಾಟಕವಾಗಿ ರಂಗದ ಮೇಲೆ ಬಂದದ್ದು ನೆನಪಿದೆಯಾ? ಸಿ. ಬಸವಲಿಂಗಯ್ಯ ನಿರ್ದೇಶನ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ. ರಾತ್ರಿ ಊಟ ಮುಗಿಸಿ ಹೋಗಿ ಕೂತರೆ ಬೆಳಗಿನ ಜಾವಕ್ಕೆ ಏಳುವುದು, ಸುಮಾರು ಒಂಬತ್ತು ಗಂಟೆ. ರಂಗದಿಂದ ರಂಗಕ್ಕೆ ಪ್ರೇಕ್ಷಕರೇ ಚಾಪೆ, ಶಾಲು ಎತ್ತಿಕೊಂಡು ನಡೆಯಬೇಕು. ಕಾದಂಬರಿಯ ವಿಸ್ತಾರ ಉಳಿಸಿಕೊಳ್ಳಬೇಕು ಅಂದರೆ ಅಷ್ಟು ಹೊತ್ತು ಬೇಕು. ಅದೇ ಕುವೆಂಪು ಅವರ 1936ರ ‘ಕಾನೂರು ಹೆಗ್ಗಡಿತಿ’ಯನ್ನು ಗಿರೀಶ ಕಾರ್ನಾಡರು 1999ರಲ್ಲಿ ಸಿನಿಮಾ ಮಾಡಿದರು. ಆ ದಪ್ಪ ಪುಸ್ತಕದ ಕಾಡು, ಬೇಟೆ, ಕಳ್ಳು, ಜೀತದಾಳುಗಳು, ನಾಯಿಗಳು, ಎಲ್ಲವನ್ನೂ ಬಯಸಿ ಹೋದರೆ ನಿರಾಸೆ ಆಗದೆ ಇನ್ನೇನು?

ಲೆಕ್ಕದ ಇನ್ನೊಂದು ಮುಖವೂ ಇದೆ. ‘ನಾಗರಹಾವು’ ಬಂದದ್ದು ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿಗಳಿಂದ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನ್ನೂ ಹಿಂಡಿ ಪುಟ್ಟಣ್ಣ ಕಣಗಾಲ್ ಒಂದು ಸಿನಿಮಾ ಮಾಡಿದರು. ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಬೇಸರಪಟ್ಟರಂತೆ ಎಂಬ ಮಾತು ಇವತ್ತಿಗೂ ಗಾಂಧಿನಗರದಲ್ಲಿ ಓಡಾಡುತ್ತದೆ. ಬರೆದವರಿಗೆ ಬೇಸರ ಆಗುವುದು ಸಹಜ. ಆದರೆ ಚಿತ್ರದುರ್ಗದ ಕೋಟೆಗೆ ಹೋದವರು ಹುಡುಕುವುದು ವಿಷ್ಣುವರ್ಧನ್ ರಾಮಾಚಾರಿಯನ್ನ, ಕಣ್ಣು ಮುಚ್ಚಿದರೆ ಬರುವುದು ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು. ಇಬ್ಬರ ಮಾತೂ ನಿಜ ಇರಬಹುದು ಅಲ್ವಾ?

ಇನ್ನೂ ಒಂದು. ನಿಮ್ಮ ಇಷ್ಟದ್ದು ಕಾದಂಬರಿ ಅಲ್ಲ, ಸಣ್ಣಕತೆ ಅಂತಾದರೆ ಧೈರ್ಯವಾಗಿ ಹೋಗಿ. ನನ್ನ ಅನುಭವದಲ್ಲಿ ಸಣ್ಣಕತೆಯಿಂದ ಬಂದ ಸಿನಿಮಾಗಳಿಗೆ ಉಸಿರಾಡಲು ಜಾಗ ಜಾಸ್ತಿ. ತೇಜಸ್ವಿಯವರ ‘ತಬರನ ಕಥೆ’ ನಾಲ್ಕು ಪುಟ ಹೆಚ್ಚಾದರೂ ತಡೆಯುತ್ತದೆ, ಕಮ್ಮಿ ಮಾಡಲು ಅಲ್ಲಿ ಏನೂ ಇಲ್ಲ. 1986ರಲ್ಲಿ ಅದು ಸಿನಿಮಾ ಆದಾಗ ತಬರನಾದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ತೇಜಸ್ವಿಯವರದೇ ‘ಡೇರ್‌ಡೆವಿಲ್ ಮುಸ್ತಾಫಾ’ 2023ರಲ್ಲಿ ಶಶಾಂಕ್ ಸೋಗಾಲ್ ಕೈಯಲ್ಲಿ ಸಿನಿಮಾ ಆಯಿತು. ದುಡ್ಡು ಹಾಕಿದ್ದು ತೇಜಸ್ವಿಯ ಓದುಗರೇ, ಹತ್ತಿರ ಹತ್ತಿರ ನೂರು ಜನ ಕೈಯಿಂದ ಕೂಡಿಸಿ. ಮೊದಲ ದಿನದ ಆ ಥಿಯೇಟರ್ ಒಳಗೆ ಸಿನಿಮಾ ಪ್ರೇಕ್ಷಕರಿಗಿಂತ ಪುಸ್ತಕದಂಗಡಿ ಗಿರಾಕಿಗಳೇ ಜಾಸ್ತಿ ಇದ್ದ ಹಾಗೆ ಕಾಣುತ್ತಿತ್ತು.

ಟೈಟಲ್ ಕಾರ್ಡ್ ತಪ್ಪಿಸಿಕೊಳ್ಳಬೇಡಿ

ಹತ್ತು ನಿಮಿಷ ಮುಂಚೆ ಒಳಗಿರಿ. ಜಾಹೀರಾತು ನೋಡಲಿಕ್ಕಲ್ಲ, ಟೈಟಲ್ ಓದಲಿಕ್ಕೆ. ಅಲ್ಲಿ ‘ಆಧಾರಿತ’ ಅಂತ ಇದೆಯಾ, ‘ಪ್ರೇರಿತ’ ಅಂತ ಇದೆಯಾ ನೋಡಿ. ಆಧಾರಿತ ಅಂದರೆ ಮನೆಯ ಪಾಯ ಅದೇ. ಪ್ರೇರಿತ ಅಂದರೆ ಆ ಮನೆ ನೋಡಿ ಬಂದು ಬೇರೆ ಸೈಟಿನಲ್ಲಿ ಕಟ್ಟಿದ್ದು. ಎರಡನೆಯದಾದರೆ ಚೀಟಿಯನ್ನು ಜೇಬಿಗೆ ಹಾಕಿ ಸುಮ್ನೆ ಕೂರಿ. ಆಮೇಲೆ ಚಿತ್ರಕಥೆ, ಸಂಭಾಷಣೆ ಯಾರದ್ದು ಅಂತ ಓದಿ. ನಿಮಗೆ ಇಷ್ಟವಾದ ಅಥವಾ ಆಗದ ಅರ್ಧದಷ್ಟು ವಿಷಯಗಳು ಆ ಎರಡು ಹೆಸರುಗಳದ್ದು. ನಾವು ಸುಮ್ಮನೆ ಎಲ್ಲವನ್ನೂ ನಿರ್ದೇಶಕರ ತಲೆಗೆ ಕಟ್ಟುತ್ತೇವೆ.

ಸೀಟು: ಮಧ್ಯದ ಸಾಲುಗಳಿಗಿಂತ ಎರಡು ಸಾಲು ಹಿಂದೆ, ನಡುವಿಗೆ. ಪಾಪ್‌ಕಾರ್ನ್ ನಿಮ್ಮಿಷ್ಟ. ಇಂಥ ಸಿನಿಮಾಗಳಲ್ಲಿ ಮೌನ ಜಾಸ್ತಿ, ಕುರುಕುರು ಎಲ್ಲರಿಗೂ ಕೇಳಿಸುತ್ತದೆ.

ಪರದೆ ಮೇಲೆ ಏನು ಹುಡುಕಬೇಕು

ಇದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು. ಕಾದಂಬರಿಯಲ್ಲಿ ನಮಗೆ ಹಿಡಿಸುವುದು ಮುಕ್ಕಾಲು ಪಾಲು ಪಾತ್ರದ ಒಳಮಾತು. ಅದನ್ನು ಕ್ಯಾಮೆರಾ ಹೇಗೆ ಹಿಡಿಯಬೇಕು?

ಅನಂತಮೂರ್ತಿಯವರ ‘ಸಂಸ್ಕಾರ’ ತೆಗೆದುಕೊಳ್ಳಿ. ಪುಸ್ತಕ 1965ರದ್ದು, ಪಟ್ಟಾಭಿರಾಮ ರೆಡ್ಡಿ ಅವರ ಸಿನಿಮಾ 1970ರದ್ದು. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಕೊಳೆಯುತ್ತಿದೆ, ಸುಡುವವರಿಲ್ಲ. ಅಲ್ಲಿವರೆಗೂ ಸರಿ, ಕ್ಯಾಮೆರಾಕ್ಕೆ ಬೇಕಾದಷ್ಟು ಕೆಲಸ ಇದೆ: ಹದ್ದು, ಇಲಿ, ಮುಚ್ಚಿದ ಬಾಗಿಲು. ಮೂರನೇ ಭಾಗದಲ್ಲಿ ಪಂಡಿತ ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ನಡೆಯಲು ಶುರು ಮಾಡುತ್ತಾರಲ್ಲ, ಅಲ್ಲಿ ಪುಸ್ತಕದ ಪುಟಗಟ್ಟಲೆ ಅವರ ತಲೆಯೊಳಗಿನ ಗೊಂದಲ. ನಾನು ಯಾರು, ಏನು ಮಾಡಿದೆ, ಯಾರಾದರೂ ನನ್ನ ಗುರುತು ಹಿಡಿದರೆ? ಸಿನಿಮಾದಲ್ಲಿ ಅವರು ನಡೆಯುತ್ತಾರೆ, ಅಷ್ಟೇ. ಕಾರ್ನಾಡರು ಆಚಾರ್ಯರಾಗಿ ನಡೆಯುತ್ತಾರೆ, ಪಕ್ಕದಲ್ಲಿ ದಾರಿಯಲ್ಲಿ ಜೊತೆಯಾದ ಮಾಲೇರ ಜಾತಿಯ ಪುಟ್ಟ ಬಾಯಿ ಮುಚ್ಚದೆ ಮಾತಾಡುತ್ತಾನೆ. ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂತು, ಇಲ್ಲಿ ಇದ್ದದ್ದೆಲ್ಲ ಎಲ್ಲಿ ಅಂತ. ಎರಡನೇ ಸಲ ಪುಟ್ಟ ಮಾತಾಡುವಾಗ ಪುಟ್ಟನನ್ನು ಬಿಟ್ಟು ಆಚಾರ್ಯರ ಮುಖವನ್ನೇ ನೋಡಿದೆ. ಇದ್ದದ್ದು ಅಲ್ಲಿತ್ತು. ಅದನ್ನು ಚಿತ್ರಿಸಿದ್ದು ಟಾಮ್ ಕೋವನ್ ಅನ್ನುವ ಆಸ್ಟ್ರೇಲಿಯಾದವರು, ಕಪ್ಪು ಬಿಳುಪಿನಲ್ಲಿ. ಮಲೆನಾಡಿನ ಅಗ್ರಹಾರವನ್ನು ಹೊರಗಿನ ಕಣ್ಣೊಂದು ನೋಡಿದ್ದಕ್ಕೋ ಏನೋ, ನಮಗೆ ದಿನಾ ಕಾಣುವ ಹೊಸಿಲು, ಕಂಬ, ಒದ್ದೆ ಪಂಚೆ ಅಲ್ಲಿ ಬೇರೆಯೇ ಕಾಣುತ್ತವೆ.

ಹಾಗಾಗಿ ಮಾಡಬೇಕಾದದ್ದು ಇಷ್ಟು. ನಿಮಗೆ ಬಾಯಿಪಾಠ ಇರುವ ಭಾಗ ಬಂದಾಗ ಮಾತನ್ನು ಕಾಯಬೇಡಿ. ಮಾತಾಡದೆ ಇರುವವರನ್ನು ನೋಡಿ. ಕೈ ಏನು ಮಾಡುತ್ತಿದೆ, ಹಿಂದೆ ಯಾವ ಸದ್ದು ಇದೆ, ಯಾವ ವಸ್ತುವನ್ನು ಎರಡೆರಡು ಸಲ ತೋರಿಸುತ್ತಿದ್ದಾರೆ. ಪುಸ್ತಕದ ಪ್ಯಾರಾ ಒಂದು ಹಲವು ಸಲ ಹೀಗೆ ಒಂದು ಚೊಂಬಿನೊಳಗೆ, ಒಂದು ಕೆಮ್ಮಿನೊಳಗೆ ಸೇರಿಕೊಂಡಿರುತ್ತದೆ. ಇದ್ಯಾವುದೂ ಇಲ್ಲದೆ ಹಿನ್ನೆಲೆ ದನಿ ಒಂದು ಪುಟಗಳನ್ನೇ ಓದಿ ಹೇಳುತ್ತಿದ್ದರೆ ಮಾತ್ರ ಬೇಸರ ಮಾಡಿಕೊಳ್ಳಲು ನಿಮಗೆ ಹಕ್ಕಿದೆ. ಅದು ಸೋಮಾರಿತನ.

ಪೂರಾ ಬದಲಾಯಿಸಿದ್ದರೆ?

ಬದಲಾವಣೆ ಎರಡು ಥರ. ಹೆದರಿ ಮಾಡಿದ್ದು, ಯೋಚಿಸಿ ಮಾಡಿದ್ದು. ವಿಧವೆ ಬಸಿರಾದದ್ದನ್ನು ‘ಅವಳು ಗುಟ್ಟಾಗಿ ಮದುವೆಯಾಗಿದ್ದಳು’ ಅಂತ ತಿದ್ದಿದರೆ, ಸಾಯಬೇಕಾದ ನಾಯಕ ಕೊನೆಯಲ್ಲಿ ಎದ್ದು ಕೂತರೆ ಅದು ಹೆದರಿಕೆ. ಎರಡನೇ ಥರಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ‘ಗುಲಾಬಿ ಟಾಕೀಸು’. ವೈದೇಹಿಯವರ ಕತೆಯಲ್ಲಿ ಊರಿಗೆ ಸಿನಿಮಾ ಟಾಕೀಸು ಬರುತ್ತದೆ, ಸೂಲಗಿತ್ತಿಯೊಬ್ಬಳು ಅಲ್ಲಿ ಗೇಟ್ ಕಾಯುವ ಕೆಲಸಕ್ಕೆ ಸೇರುತ್ತಾಳೆ. ಕಾಸರವಳ್ಳಿಯವರು 2008ರಲ್ಲಿ ಸಿನಿಮಾ ಮಾಡುವಾಗ ಟಾಕೀಸನ್ನೇ ಕೈಬಿಟ್ಟರು. ಕಾಲ 1990ರ ದಶಕದ ಕೊನೆ, ಕಾರ್ಗಿಲ್ ಯುದ್ಧದ ಹೊತ್ತು. ಇಲ್ಲಿ ಸೂಲಗಿತ್ತಿ ಗುಲಾಬಿ ಮುಸ್ಲಿಂ ಹೆಂಗಸು, ಕುಂದಾಪುರದ ಕಡೆಯ ಮೀನುಗಾರರ ನಡುವೆ ಇರುವವಳು. ಅವಳ ಗುಡಿಸಲಿಗೆ ಡಿಶ್ ಆಂಟೆನಾದ ಟಿವಿ ಬರುತ್ತದೆ, ಅಕ್ಕಪಕ್ಕದ ಹೆಂಗಸರು ಸೇರುತ್ತಾರೆ. ಕತೆ ಓದಿ ಹೋದವರಿಗೆ ಮೊದಲ ಅರ್ಧ ಗಂಟೆ ಇದು ಯಾವ ಊರಿನ ಗುಲಾಬಿ ಅನ್ನಿಸುತ್ತದೆ. ಉಮಾಶ್ರೀ ಆ ಟಿವಿ ಮುಂದೆ ಬಾಯಿ ಅರ್ಧ ತೆರೆದು ಕೂತದ್ದು ನೋಡಿದ ಮೇಲೆ ಗೊತ್ತಾಗುತ್ತದೆ, ಇವಳೇ ಅವಳು. ಬೆಳಕಿನ ಪರದೆ ಮುಂದೆ ಮೈಮರೆಯುವ ಹೆಂಗಸು. ಮಿಕ್ಕದ್ದೆಲ್ಲ ಹೋಗಿ ಅದೊಂದು ಉಳಿದಿದೆ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಆದ್ದರಿಂದ ಬದಲಾವಣೆ ಕಂಡ ತಕ್ಷಣ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಕತೆ ಮೆತ್ತಗಾಯಿತಾ, ಚೂಪಾಯಿತಾ? ಮೆತ್ತಗಾಗಿದ್ದರೆ ಬೈಯಿರಿ. ನಾನೂ ಜೊತೆಗಿದ್ದೇನೆ.

ಯಾರ ಜೊತೆ ಹೋಗಬೇಕು

ಪುಸ್ತಕ ಓದದವರ ಜೊತೆ. ಇದೊಂದು ಮಾತು ಕೇಳಿ. ಓದಿದವರಿಬ್ಬರು ಅಕ್ಕಪಕ್ಕ ಕೂತರೆ ಪ್ರತಿ ಐದು ನಿಮಿಷಕ್ಕೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ನಾದಿನಿಯರು ಮದುವೆಮನೆ ಅಡುಗೆ ನೋಡಿಕೊಂಡ ಹಾಗೆ. ಓದದವರು ಪಕ್ಕದಲ್ಲಿದ್ದರೆ ಅವರು ಎಲ್ಲಿ ನಕ್ಕರು, ಎಲ್ಲಿ ಕುರ್ಚಿಯ ತುದಿಗೆ ಬಂದರು, ಎಲ್ಲಿ ಮೊಬೈಲ್ ತೆಗೆದರು ಅಂತ ಕಾಣುತ್ತದೆ. ನಿಮಗೆ ಅರ್ಥವಾಗಿದ್ದು ಸಿನಿಮಾದಿಂದಲಾ, ನೀವು ಮನೆಯಿಂದ ತಂದ ಪುಸ್ತಕದಿಂದಲಾ ಅಂತ ಗೊತ್ತಾಗುವುದು ಅವರನ್ನು ನೋಡಿದಾಗಲೇ.

ಒಂದು ಶರತ್ತು. ಅವರ ಕಿವಿಯಲ್ಲಿ ‘ಪುಸ್ತಕದಲ್ಲಿ ಹಿಂಗಿಲ್ಲ’ ಅಂತ ಪಿಸುಗುಟ್ಟಬಾರದು. ಇಂಟರ್ವಲ್ಲಿನಲ್ಲೂ ಹೇಳಬಾರದು. ಇಂಟರ್ವಲ್ಲಿನಲ್ಲಿ ಕಾಫಿ ಕುಡಿಯಿರಿ, ಮಳೆ ಬಗ್ಗೆ ಮಾತಾಡಿ. ನಾನು ಒಮ್ಮೆ ತಂಗಿಗೆ ಮಧ್ಯದಲ್ಲೇ ಕೊನೆ ಹೇಳಿಬಿಟ್ಟೆ, ‘ನೋಡ್ತಿರು, ಇವಳು ಕೊನೆಗೆ ಊರು ಬಿಡ್ತಾಳೆ’ ಅಂತ. ಸಿನಿಮಾದಲ್ಲಿ ಅವಳು ಬಿಡಲಿಲ್ಲ. ಕಥೆ ಕೆಡಿಸಿದ್ದಕ್ಕೂ ಬೈಸಿಕೊಂಡೆ, ತಪ್ಪು ಹೇಳಿದ್ದಕ್ಕೂ ಬೈಸಿಕೊಂಡೆ.

ಹೊರಗೆ ಬಂದ ಮೇಲೆ

ಪಾರ್ಕಿಂಗಿನಲ್ಲೇ ತೀರ್ಪು ಕೊಡಬೇಡಿ, ಸ್ಟೇಟಸ್ ಹಾಕಬೇಡಿ. ಮೊದಲು ಜೊತೆಗೆ ಬಂದವರಿಗೆ ‘ಏನು ಕಥೆ ಹೇಳು’ ಅನ್ನಿ. ಅವರು ಹೇಳುವುದನ್ನು ತಿದ್ದದೆ ಕೇಳಿ. ಆಮೇಲೆ ನಿಮ್ಮ ಚೀಟಿ ತೆಗೆಯಿರಿ. ಮೂರರಲ್ಲಿ ಎರಡು ಬಂದಿದ್ದರೆ ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ಸಿನಿಮಾ. ಮೂಕಜ್ಜಿಗೆ ನಾನು ಎರಡೂವರೆ ಕೊಟ್ಟೆ. ಅರ್ಧ ಕಟ್ ಆದದ್ದು ನಮ್ಮಜ್ಜಿ ಅಲ್ಲಿರಲಿಲ್ಲ ಅಂತ, ಅದು ಅನ್ಯಾಯ ಅಂತ ನನಗೂ ಗೊತ್ತು.

ಈಗ ಪುಸ್ತಕ ಓದಿ. ಮರುದಿನ, ಆ ವಾರದೊಳಗೆ. ಪೂರ್ತಿ ಬೇಡ, ಸಿನಿಮಾದಲ್ಲಿ ‘ಛೆ, ಇದನ್ನ ಬಿಟ್ಟುಬಿಟ್ಟರಲ್ಲ’ ಅನ್ನಿಸಿದ ಆ ಒಂದು ಭಾಗ ತೆಗೆಯಿರಿ. ಒಂದು ಕಾದಂಬರಿಯಲ್ಲಿ ನಾನು ಹೀಗೆ ಒಂದು ಜಗಳದ ದೃಶ್ಯ ಹುಡುಕಲು ಹೋದೆ. ಅಣ್ಣ ತಮ್ಮ ಅಂಗಳದಲ್ಲಿ ಕೈ ಕೈ ಮಿಲಾಯಿಸುವುದು, ಅಡಿಕೆ ಚೆಲ್ಲಾಪಿಲ್ಲಿ ಆಗುವುದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಪುಸ್ತಕದಲ್ಲಿ ಇದ್ದದ್ದು ಒಂದೂವರೆ ಸಾಲು: ಅವರಿಬ್ಬರಿಗೆ ಮಾತು ನಿಂತು ವರ್ಷವಾಗಿತ್ತು ಅಂತ ಏನೋ. ಅಡಿಕೆಯೂ ಇಲ್ಲ, ಅಂಗಳವೂ ಇಲ್ಲ. ಆ ದೃಶ್ಯ ಕಟ್ಟಿದವನು ನಾನೇ, ಇಪ್ಪತ್ತು ವರ್ಷದಿಂದ ನನ್ನ ತಲೆಯಲ್ಲಿ ಓಡುತ್ತಿತ್ತು. ಪಾಪ, ಆ ನಿರ್ದೇಶಕರಿಗೆ ಎರಡು ದಿನ ಸುಮ್ನೆ ಬೈದಿದ್ದೆ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ಸಿನಿಮಾ ಚೆನ್ನಾಗಿದ್ದರೆ ಜೊತೆಗೆ ಬಂದವರು ‘ಪುಸ್ತಕ ಇದ್ರೆ ಕೊಡು, ಓದಿ ಕೊಡ್ತೀನಿ’ ಅಂತ ಕೇಳುತ್ತಾರೆ. ಖುಷಿಯಲ್ಲಿ ನಿಮ್ಮ ಪ್ರತಿ ಎತ್ತಿ ಕೊಡಬೇಡಿ. ಅಂಗಡಿಗೆ ಕರೆದುಕೊಂಡು ಹೋಗಿ ಹೊಸದು ಕೊಡಿಸಿ, ಬೇಕಾದರೆ ದುಡ್ಡೂ ನೀವೇ ಕೊಡಿ. ನನ್ನ ‘ಮೂಕಜ್ಜಿಯ ಕನಸುಗಳು’ 2019ರಿಂದ ತಂಗಿ ಮನೆಯಲ್ಲಿದೆ. ಕೇಳಿದಾಗಲೆಲ್ಲ ‘ಅರ್ಧ ಆಗಿದೆ’ ಅನ್ನುತ್ತಾಳೆ.